ಬೀಸುವ ಕಲ್ಲು, ಬರೆಯುವ ಮೇಜು: ಗೃಹಜೀವನದ ಸಾಹಿತ್ಯವನ್ನು ಕುರಿತು ಒಂದು ವಿಚಾರ

ಕನ್ನಡ ವಿಮರ್ಶೆಯಲ್ಲಿ ‘ಅಡುಗೆಮನೆ ಸಾಹಿತ್ಯ’ವೆಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಅದನ್ನು ಮೊದಲು ಆಡಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಆಡಿದವರ ಮುಖದಲ್ಲಿ ಒಂದು ಕಿರುನಗೆ ಇತ್ತೆಂಬುದಂತೂ ನಿಶ್ಚಯ. ಮಕ್ಕಳ ಜ್ವರ, ಹಾಲಿನ ಲೆಕ್ಕ, ಅತ್ತೆಯ ಮುನಿಸು, ಗಂಡನ ವರ್ಗಾವಣೆ, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಸಿಕ್ಕುವ ಅರ್ಧ ಗಳಿಗೆಯ ನೆಮ್ಮದಿ: ಇವುಗಳನ್ನು ಕುರಿತು ಹೆಂಗಸರು ಬರೆದುದನ್ನೆಲ್ಲ ಒಂದೇ ಗೋಣಿಯಲ್ಲಿ ತುಂಬಿ ಬಾಯಿ ಕಟ್ಟಿಬಿಡಲು ಆ ಮಾತು ಅನುಕೂಲವಾಯಿತು. ಯುದ್ಧವನ್ನು ವರ್ಣಿಸಿದ ಕಾವ್ಯವನ್ನು ‘ರಣರಂಗ ಸಾಹಿತ್ಯ’ವೆಂದು ಯಾರೂ ಹೀಗಳೆದುದಿಲ್ಲ. ವಿಚಾರಿಸಿ ನೋಡಿದರೆ ಕುರುಕ್ಷೇತ್ರವೂ ಮೂಲತಃ ಒಂದು ಮನೆಯೊಳಗಿನ ಜಗಳವೇ ಅಲ್ಲವೆ? ದಾಯಾದಿಗಳು ಹೊರಗೆ ಬಂದು ಹೊಡೆದಾಡಿದರೆ ಮಹಾಕಾವ್ಯ. ಒಳಗೇ ಉಳಿದು ಒಂದೇ ಒಲೆಯ ಮುಂದೆ ದಿನ ಕಳೆದರೆ ಅಡುಗೆಮನೆಯ ಸಾಹಿತ್ಯ!

ಆದರೆ ಆ ಮಾತನ್ನು ಬರಿದೆ ಖಂಡಿಸಿ ಕೈತೊಳೆದುಕೊಂಡರೆ ವಿಮರ್ಶೆಯ ಕೆಲಸ ಮುಗಿಯುವುದಿಲ್ಲ. ಈ ಬಗೆಯ ಬರವಣಿಗೆಯಲ್ಲಿ ಜೊಳ್ಳು ಹೇರಳವಾಗಿರುವುದು ನಿಜ. ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಲು ನಮ್ಮ ಬಳಿ ಇರುವ ಮೊರ ಯಾವುದು? ವಸ್ತು ದೊಡ್ಡದೋ ಚಿಕ್ಕದೋ ಎಂಬುದು ಅಳತೆಯಾಗಲಾರದು. ಗೃಹಜೀವನವನ್ನು ಕುರಿತ ಕೃತಿಯನ್ನು ಅದು ಮನೆಯ ಕಾಲವನ್ನು ಹೇಗೆ ಹಿಡಿದಿದೆ ಎಂಬುದರಿಂದ ಅಳೆಯಬೇಕೆಂದು ನನಗೆ ತೋರುತ್ತದೆ. ಕಚೇರಿಯ ಕಾಲ ಇಡಿಯಾದುದು, ಹನ್ನೊಂದರಿಂದ ಐದು. ಮನೆಯ ಕಾಲ ತುಂಡು ತುಂಡಾದುದು. ಹಾಲು ಉಕ್ಕುತ್ತದೆ, ಕೂಸು ಏಳುತ್ತದೆ, ಬಾಗಿಲು ಬಡಿಯುತ್ತದೆ. ಹಿಡಿದ ಯಾವ ಕೆಲಸವೂ ಒಂದೇ ಉಸಿರಿನಲ್ಲಿ ಮುಗಿಯದು. ಈ ತುಂಡುಕಾಲವನ್ನು ಬಲ್ಲವರ ಬರವಣಿಗೆ ಒಂದು ಬಗೆ, ಅದನ್ನು ದೂರದಿಂದ ಕಂಡವರದು ಇನ್ನೊಂದು ಬಗೆ. ಈ ಭೇದವನ್ನು ಮುಂದಿಟ್ಟುಕೊಂಡು, ಕನ್ನಡದ ಕೆಲವು ಕೃತಿಗಳನ್ನು ನಾವು ಬಂದು ನೆಲೆಸಿರುವ ಈ ಪುಣೆಯ ಮರಾಠಿ ಬರವಣಿಗೆಯೊಡನೆ ಹೋಲಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ‘ಗರತಿಯ ಹಾಡು’. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನರೂ ಅವರ ಸಂಗಡಿಗರೂ, ತಮ್ಮ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ಅದನ್ನು ಹೊರತಂದರು. ಈ ಹಾಡುಗಳಲ್ಲಿ ಬಹುಪಾಲು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ಬೆಳಗಿನ ಜಾವದಲ್ಲಿ, ಮನೆಯ ಗಂಡಸರೂ ಮಕ್ಕಳೂ ಏಳುವ ಮುನ್ನ, ಆ ದಿನದ ರೊಟ್ಟಿಗೆ ಬೇಕಾದ ಜೋಳವನ್ನು ಬೀಸಬೇಕು. ಎಡಬಿಡದೆ ಗೂಟ ತಿರುಗಿಸುವ ಕೈಗೆ ದಣಿವು. ಬಾಯಿಗೆ ಮಾತ್ರ ಬಿಡುವು. ಇಡೀ ದಿನದಲ್ಲಿ ಆಕೆಗೆ ಯಾರೂ ಅಡ್ಡಬಾರದ ಗಳಿಗೆ ಇದೊಂದೇ. ಅತ್ತೆಯ ಕಿವಿಗೆ ಕಲ್ಲಿನ ಸದ್ದಿನ ತೆರೆಯೂ ಉಂಟು. ಹೀಗೆ, ಅತ್ಯಂತ ಕಷ್ಟದ ದುಡಿಮೆಯ ಹೊತ್ತೇ ಆಕೆಯ ಏಕಮಾತ್ರ ವೈಯಕ್ತಿಕ ಸುಖದ ಹೊತ್ತೂ ಆಯಿತು. ಇದು ಸಾಹಿತ್ಯಚರಿತ್ರೆಯಲ್ಲಿ ಸಾಮಾನ್ಯ ಸಂಗತಿಯಲ್ಲ. ಮಿಕ್ಕೆಲ್ಲ ಕಡೆ ಕಾವ್ಯ ಬಿಡುವಿನಿಂದ ಹುಟ್ಟುತ್ತದೆಂದು ಹೇಳುತ್ತೇವೆ. ಇಲ್ಲಿ ದುಡಿಮೆಯ ಒಳಗೇ ಬಿಡುವನ್ನು ಕೊರೆದುಕೊಂಡಿದ್ದಾರೆ.

ತ್ರಿಪದಿಯ ರೂಪವನ್ನು ಈ ದೃಷ್ಟಿಯಿಂದ ನೋಡತಕ್ಕದ್ದು. ಅದು ಕನ್ನಡದ ಅತಿ ಹಳೆಯ ಛಂದಸ್ಸುಗಳಲ್ಲೊಂದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಿಂದಕ್ಕೆ ಹೋಗುತ್ತದೆ. ಬರವಣಿಗೆಯಲ್ಲಿ ಮೂರೇ ಸಾಲು. ಹಾಡುವಾಗ ಮಾತ್ರ ಎರಡನೆಯ ಸಾಲಿನ ಕೊನೆಯ ಭಾಗವನ್ನು ಮತ್ತೊಮ್ಮೆ ಹೇಳಿ ಮೂರನೆಯದಕ್ಕೆ ಹೋಗುತ್ತಾರೆ. ಈ ಪುನರುಕ್ತಿಯನ್ನು ಛಂದಶ್ಶಾಸ್ತ್ರಜ್ಞರು ಗಾನದ ಅಗತ್ಯವೆಂದು ವಿವರಿಸುತ್ತಾರೆ. ನನಗೆ ಅದರಲ್ಲಿ ಇನ್ನೂ ಒಂದು ಪ್ರಯೋಜನ ಕಾಣುತ್ತದೆ. ಆ ಮರುದನಿಯ ಅವಧಿಯಲ್ಲಿ ಹಾಡುಗಿತ್ತಿ ಇನ್ನೊಂದು ಹಿಡಿ ಕಾಳನ್ನು ಕಲ್ಲಿನ ಬಾಯಿಗೆ ಹಾಕಬಹುದು, ತೊಡೆಯ ಮೇಲಿನ ಕೂಸನ್ನು ಸರಿಪಡಿಸಬಹುದು, ಮೂರನೆಯ ಸಾಲನ್ನು ಹುಡುಕಿಕೊಳ್ಳಬಹುದು. ಅಷ್ಟೇ ಅಲ್ಲ, ಪ್ರತಿಯೊಂದು ತ್ರಿಪದಿಯೂ ತನಗೆ ತಾನೇ ಪೂರ್ಣವಾದುದು. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಲ್ಲಿಂದ ಬೇಕಾದರೂ ಹಿಡಿಯಬಹುದು. ಇವಳು ಎದ್ದುಹೋದರೆ ಎದುರು ಕುಳಿತ ನಾದಿನಿ ಮುಂದುವರಿಸಬಹುದು. ಅಡ್ಡಿಯನ್ನು ಸಹಿಸಬಲ್ಲ ಛಂದಸ್ಸು ಇದು. ಷಟ್ಪದಿಯಲ್ಲಿ ಕಥೆ ಹೇಳುವ ಕವಿಗೆ ಒಂದು ಸಭೆ ಬೇಕು, ಆಲಿಸುವ ಅರಸನೋ ಗಮಕಿಯೋ ಬೇಕು. ತ್ರಿಪದಿಗೆ ಒಂದು ಹಿಡಿ ಜೋಳ ಸಾಕು.

ಈ ಹಾಡುಗಳಲ್ಲಿ ಮಗು ಹೇಗೆ ಬರುತ್ತದೆ ನೋಡಿರಿ. ಅಳುವ ಕೂಸಿನ ಮುಖವನ್ನು ಒಂದೊಂದಾಗಿ ಬಣ್ಣಿಸುವ ಪ್ರಖ್ಯಾತ ತ್ರಿಪದಿಯನ್ನು ನಮ್ಮಲ್ಲಿ ಬಾಯಿಪಾಠವಾಗಿ ಬಲ್ಲವರು ಅನೇಕರು. ಅದನ್ನು ವಾತ್ಸಲ್ಯದ ಉದಾಹರಣೆಯೆಂದು ಪಠ್ಯಪುಸ್ತಕಗಳು ಹೇಳಿಕೊಟ್ಟವು. ಆದರೆ ಸಂದರ್ಭವನ್ನು ಊಹಿಸಿಕೊಳ್ಳಿರಿ. ಕೂಸು ಅತ್ತಿತೆಂದರೆ ಬೀಸುವುದು ನಿಂತಿತು. ಬೀಸುವುದು ನಿಂತರೆ ರೊಟ್ಟಿ ತಡವಾಯಿತು. ತಡವಾದರೆ ಮಾತು ಕೇಳಬೇಕಾಯಿತು. ಆ ಅಳು ಆಕೆಗೆ ಕೆಲಸದ ಅಡ್ಡಿ. ಆ ಅಡ್ಡಿಯನ್ನೇ ಆಕೆ ಆಭರಣವನ್ನು ನೋಡುವ ಕಣ್ಣಿನಿಂದ ನೋಡುತ್ತಾಳೆ. ಇದು ಬರಿಯ ವಾತ್ಸಲ್ಯವಲ್ಲ. ಸಿಟ್ಟು ಬರಬೇಕಾಗಿದ್ದ ಸ್ಥಳದಲ್ಲಿ ಮನಸ್ಸನ್ನು ಹಿಡಿದು ತಿರುಗಿಸಿಕೊಂಡ ಪ್ರಯತ್ನ. ಬೇರೆ ಹಾಡುಗಳಲ್ಲಿ ಈ ಪ್ರಯತ್ನ ಸೋತಿರುವುದೂ ಉಂಟು. ತವರಿನ ದಾರಿ ನೋಡಿ ನೋಡಿ ಬೇಸತ್ತವಳು, ಅಣ್ಣ ಬಾರದಿದ್ದುದಕ್ಕೆ ಅತ್ತಿಗೆಯನ್ನು ಶಂಕಿಸುವವಳು, ಮಕ್ಕಳಿಲ್ಲದ ಬಾಳನ್ನು ಕುರಿತು ಕೊರಗುವವಳು, ಇವರೆಲ್ಲರೂ ಅಲ್ಲಿದ್ದಾರೆ.

ಆದುದರಿಂದ ಸಂಗ್ರಹಕ್ಕಿಟ್ಟ ಹೆಸರಿನ ವಿಷಯದಲ್ಲಿ ನನಗೊಂದು ಆಕ್ಷೇಪವಿದೆ. ‘ಗರತಿ’ ಎಂಬುದು ಮೆಚ್ಚುಗೆಯ ಮಾತು. ಆ ಮೆಚ್ಚುಗೆಯನ್ನು ಮೊದಲೇ ತಲೆಯ ಮೇಲೆ ಹೊರಿಸಿಬಿಟ್ಟರೆ, ಒಳಗಿನ ದೂರುಗಳೆಲ್ಲ ಸಹನೆಯ ಅಲಂಕಾರಗಳಾಗಿ ಕಾಣತೊಡಗುತ್ತವೆ. ಹಲಸಂಗಿಯವರ ಉಪಕಾರವನ್ನು ಕನ್ನಡ ನುಡಿ ಎಂದಿಗೂ ಮರೆಯಲಾಗದು; ಅವರಿಲ್ಲದಿದ್ದರೆ ಈ ಸಂಪತ್ತು ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಆದರೂ ಆ ಕಾಲದ ಸಂಗ್ರಹಗಳ ರೂಢಿಯಂತೆ ಹಾಡಿದವರನ್ನು ‘ಜನಪದ’ರೆಂಬ ಒಂದು ಪದದಲ್ಲಿ ಅಡಗಿಸುವುದು ನಡೆದುಬಂದಿತು. ಹಾಡು ಉಳಿಯಿತು, ಹಾಡಿದವಳ ಹೆಸರು ಉಳಿಯಲಿಲ್ಲ.

ಈ ಎಡೆಯಲ್ಲಿ ಪುಣೆಯಿಂದ ನಾವು ಕಲಿಯಬೇಕಾದುದು ಉಂಟು. ಮರಾಠಿಯಲ್ಲಿ ಬೀಸುವ ಕಲ್ಲಿನ ಹಾಡಿಗೆ ಓವಿ ಎಂದು ಹೆಸರು. ಸಾನೆ ಗುರೂಜಿಯವರು ಅವನ್ನು ಸಂಗ್ರಹಿಸಿ ‘ಸ್ತ್ರೀಜೀವನ’ವೆಂಬ ಹೆಸರಿನಿಂದ ಪ್ರಕಟಿಸಿದರು. ಅನಂತರ, 1980ರ ದಶಕದಿಂದ ಮುಂದಕ್ಕೆ, ಪುಣೆಯಲ್ಲಿ ನೆಲೆಸಿದ್ದ ಫ್ರೆಂಚ್ ವಿದ್ವಾಂಸ ಗಿ ಪ್ವಾತ್ವ್ಯಾಂ ಅವರೂ ಹೇಮಾ ರಾಯಿರಕರ್ ಅವರೂ ಮಹಾರಾಷ್ಟ್ರದ ಹಳ್ಳಿಗಳನ್ನು ಸುತ್ತಿ ಒಂದು ಲಕ್ಷಕ್ಕೂ ಮಿಕ್ಕು ಓವಿಗಳನ್ನು ಬರೆದುಕೊಂಡರು. ಹಾಡಿದವಳ ಹೆಸರು ಇಂತಹುದು, ಊರು ಇಂತಹುದು ಎಂದು ದಾಖಲಿಸಿದರು. ಆ ಸಂಗ್ರಹ ಇಂದು ಧ್ವನಿಯೊಡನೆ ಎಲ್ಲರಿಗೂ ದೊರೆಯುವಂತಾಗಿದೆ. ಅದನ್ನು ಕೇಳಿದರೆ ನಮ್ಮ ತ್ರಿಪದಿಯ ಅಕ್ಕತಂಗಿಯರು ಭೀಮೆಯ ಆ ದಡದಲ್ಲಿಯೂ ಇದ್ದರೆಂಬುದು ತಿಳಿಯುತ್ತದೆ: ಅದೇ ತವರು, ಅದೇ ಅಣ್ಣ, ಅದೇ ಮಗುವಿನ ದೃಷ್ಟಿ ತೆಗೆಯುವ ಮಾತು. ಭೇದವೂ ಇದೆ. ಮರಾಠಿ ಓವಿಯಲ್ಲಿ ಪಂಢರಪುರದ ವಿಠ್ಠಲ ಬೀಸುವ ಕಲ್ಲಿನ ಬಳಿಗೇ ಬಂದು ಕೂಡುತ್ತಾನೆ. ಜನಾಬಾಯಿಯ ಕಲ್ಲಿಗೆ ಕೈಕೊಟ್ಟು ಬೀಸಿದನೆಂಬ ಕಥೆ ಎಲ್ಲರಿಗೂ ತಿಳಿದುದೇ. ದಣಿದ ಹೆಣ್ಣಿಗೆ ಗಂಡ ಕೈಕೊಡಲಿಲ್ಲ, ದೇವರು ಕೈಕೊಟ್ಟ! ಆ ದೇವರನ್ನು ಜ್ಞಾನೇಶ್ವರರು ಕನ್ನಡಿಗನೆಂದು ಕರೆದರೆಂಬುದನ್ನು ನೆನೆದು ನಾವು ಇಲ್ಲಿ ಸ್ವಲ್ಪ ಹೆಮ್ಮೆಪಟ್ಟುಕೊಳ್ಳುವುದು ವಾಡಿಕೆ. ಹೆಮ್ಮೆಪಡುವ ಕನ್ನಡ ಗಂಡಸರು ಎಂದಾದರೂ ಕಲ್ಲಿಗೆ ಕೈ ಹಚ್ಚಿದ್ದುಂಟೆ ಎಂದು ನಮ್ಮ ಮನೆಯಲ್ಲಿ ಒಮ್ಮೆ ಪ್ರಶ್ನೆ ಬಂದಿತು. ಉತ್ತರ ಕೊಡುವುದು ಕಷ್ಟವಾಯಿತು.

ಗಂಡಸರು ತಾಯಿಯ ದನಿಯನ್ನು ಎರವಲು ಪಡೆದು ಹಾಡಿದ್ದೂ ಉಂಟು. ಹರಿದಾಸರ ಯಶೋದೆಯನ್ನು ನೆನೆಯಬಹುದು. ಪುರಂದರದಾಸರ ಜನ್ಮಸ್ಥಳ ಈ ಪುಣೆಯ ಸಮೀಪದ ಪುರಂದರಗಡವೆಂದು ಒಂದು ಸಂಪ್ರದಾಯ, ತೀರ್ಥಹಳ್ಳಿಯ ಕಡೆಯೆಂದು ಇನ್ನೊಂದು ಮತ. ಆ ವಾದ ಇಲ್ಲಿ ಬೇಡ. ಗುಮ್ಮನಿಗೆ ಹೆದರಿದ ಕೂಸು ತಾಯಿಯನ್ನು ಬೇಡಿಕೊಳ್ಳುವ ಅವರ ಪದದಲ್ಲಿ ಮಕ್ಕಳನ್ನು ಅಂಕೆಯಲ್ಲಿಡುವ ಹಳೆಯ ಉಪಾಯವೂ ಅದರ ಸಣ್ಣ ಕ್ರೌರ್ಯವೂ ಎರಡೂ ಬಂದಿವೆ. ಮಗು ಬಾಗಿಬಂದು ಮಾತುಕೊಡುತ್ತದೆ. ಕೇಳುವವನಿಗೆ ನಗು ಬರುತ್ತದೆ. ಆದರೆ ಯಶೋದೆಯ ದಿನಚರಿ ನಮಗೆ ಸಿಗುವುದಿಲ್ಲ. ಅವಳಿಗೆ ಒಂದೇ ಕೆಲಸ, ಕೃಷ್ಣನನ್ನು ನೋಡುವುದು. ಭಕ್ತನಿಗೆ ಅದು ಸಾಕು. ನಮ್ಮ ಅಳತೆಗೆ ಸಾಲದು.

ಕಲ್ಲಿನಿಂದ ಮೇಜಿಗೆ ಬರೋಣ. ಮನೆಯ ತುಂಡುಕಾಲದೊಳಗೆ ಅಕ್ಷರವನ್ನು ತಂದುಕೊಳ್ಳುವುದು ಎಷ್ಟು ದುಸ್ತರವಾಗಿತ್ತೆಂಬುದಕ್ಕೆ ಪುಣೆಯೇ ಸಾಕ್ಷಿ. ರಮಾಬಾಯಿ ರಾನಡೆಯವರು 1910ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ, ಪತಿಯಾದ ನ್ಯಾಯಮೂರ್ತಿ ರಾನಡೆಯವರು ಓದು ಕಲಿಸಲು ತೊಡಗಿದಾಗ ಮನೆಯ ಹಿರಿಯ ಹೆಂಗಸರು ಅದನ್ನು ಹೇಗೆ ಎದುರಿಸಿದರೆಂಬುದನ್ನು ಬರೆದಿದ್ದಾರೆ. ಹೊರಗಿನವರಿಗೆ ಅವರು ಸುಧಾರಕರ ಪತ್ನಿ. ಒಳಗೆ ಎಲ್ಲರ ಮುನಿಸಿಗೂ ಗುರಿಯಾದ ಸೊಸೆ. ಓದು ಎಂಬ ಸಣ್ಣ ಸಂತೋಷಕ್ಕೆ ಅವರು ತೆತ್ತ ಬೆಲೆಯನ್ನು ಪುಸ್ತಕ ಎಲ್ಲಿಯೂ ಕೂಗಿ ಹೇಳುವುದಿಲ್ಲ. ಆ ತಗ್ಗಿದ ದನಿಯೇ ಅದರ ಶಕ್ತಿ.

ಇದಕ್ಕೆ ಮುಂದಿನ ಮೆಟ್ಟಿಲಲ್ಲಿ ನಿಂತವರು ಇರಾವತಿ ಕರ್ವೆಯವರು. 1905ರಲ್ಲಿ ಬರ್ಮಾದಲ್ಲಿ ಹುಟ್ಟಿ, ಅಲ್ಲಿಯ ನದಿಯ ಹೆಸರನ್ನೇ ಪಡೆದವರು; ಬರ್ಲಿನ್‌ನಲ್ಲಿ ಡಾಕ್ಟರೇಟ್ ಗಳಿಸಿದವರು; 1939ರಿಂದ ಪುಣೆಯ ಡೆಕ್ಕನ್ ಕಾಲೇಜಿನ ಸಂಶೋಧನ ಸಂಸ್ಥೆಯಲ್ಲಿ ಸಮಾಜಶಾಸ್ತ್ರ ಮಾನವಶಾಸ್ತ್ರಗಳನ್ನು ಬೆಳೆಸಿದವರು; ಪುಣೆಯ ಬೀದಿಗಳಲ್ಲಿ ಸ್ಕೂಟರ್ ಓಡಿಸಿದ ಹೆಂಗಸೆಂದು ಜನ ಇಂದಿಗೂ ನೆನೆಯುವವರು. ‘ಯುಗಾಂತ’ದ ಮೂಲಕ ಕನ್ನಡ ವಾಚಕರಿಗೂ ಅವರು ಪರಿಚಿತರು. 2024ರಲ್ಲಿ ಅವರ ಮೊಮ್ಮಗಳು ಇನ್ನೊಬ್ಬ ವಿದ್ವಾಂಸರೊಡನೆ ಸೇರಿ ಬರೆದ ಇಂಗ್ಲಿಷ್ ಜೀವನಚರಿತ್ರೆಯಿಂದ ಅವರತ್ತ ಮತ್ತೆ ಎಲ್ಲರ ಗಮನ ಹರಿದಿದೆ. ಆದರೆ ಮೂವರು ಮಕ್ಕಳ ತಾಯಿಯಾಗಿ ಅವರು ಬರೆದ ಒಂದು ಚಿಕ್ಕ ಪ್ರಬಂಧ ಈ ಲೇಖನಕ್ಕೆ ‘ಯುಗಾಂತ’ಕ್ಕಿಂತ ಮುಖ್ಯವಾದುದು. ಅದರ ಹೆಸರು ‘ಪರಿಪೂರ್ತಿ’. 1949ರ ಸಂಕಲನಕ್ಕೂ ಅದೇ ಹೆಸರು.

ಪ್ರಬಂಧದ ಸಂಗತಿ ಇಷ್ಟೇ. ಒಂದು ಸಭೆಯಲ್ಲಿ ಲೇಖಕಿಯನ್ನು ಪರಿಚಯಿಸುತ್ತಾರೆ: ಇಂತಹವರ ಪತ್ನಿ, ಮಹರ್ಷಿ ಕರ್ವೆಯವರ ಸೊಸೆ ಎಂದೆಲ್ಲ. ಕೇಳುತ್ತ ಕುಳಿತ ಅವರಿಗೆ ಆ ಪರಿಚಯದಲ್ಲಿ ಏನೋ ಒಂದು ಕೊರತೆಯಿದೆಯೆಂದು ಅನಿಸುತ್ತದೆ. ಅನಂತರ ದಾರಿಯಲ್ಲಿ ನಡೆದುಹೋಗುವಾಗ, ಆಡುತ್ತಿದ್ದ ಹುಡುಗರಲ್ಲೊಬ್ಬ ಇನ್ನೊಬ್ಬನಿಗೆ, ನಮ್ಮ ವರ್ಗದ ಕರ್ವೆಯ ತಾಯಿ ಹೋಗುತ್ತಿದ್ದಾಳೆಂದು ಪಿಸುಗುಟ್ಟುತ್ತಾನೆ. ಈಗ ಪರಿಚಯ ಪೂರ್ತಿಯಾಯಿತೆಂದು ಲೇಖಕಿಗೆ ಎನಿಸುತ್ತದೆ.

ಈ ಪ್ರಬಂಧವನ್ನು ಎರಡು ವಿಧವಾಗಿ ಓದುವವರುಂಟು. ಇಷ್ಟು ದೊಡ್ಡ ವಿದುಷಿಗೂ ಕೊನೆಗೆ ತಾಯ್ತನವೇ ಸಾರ್ಥಕ್ಯವಾಯಿತಲ್ಲ ಎಂದು ಸಂತೋಷಪಡುವವರು ಒಂದು ಕಡೆ. ಇಷ್ಟು ದೊಡ್ಡ ವಿದುಷಿಯೂ ತನ್ನನ್ನು ಮಗನಿಂದಲೇ ಗುರುತಿಸಿಕೊಂಡಳಲ್ಲ ಎಂದು ಮರುಗುವವರು ಇನ್ನೊಂದು ಕಡೆ. ಎರಡೂ ಓದುಗಳು ಅವಸರದವು. ಬರೆದವರು ಯಾರೆಂಬುದನ್ನು ಮರೆಯಬಾರದು. ನಾಲ್ಕು ವರ್ಷಗಳ ಅನಂತರ, 1953ರಲ್ಲಿ, ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ಪ್ರಮಾಣಗ್ರಂಥವನ್ನು ಹೊರತಂದ ಪಂಡಿತೆ ಇವರು. ಯಾವ ನೆಂಟನನ್ನು ಯಾರು ಯಾವ ಪದದಿಂದ ಕರೆಯುತ್ತಾರೆ, ಕನ್ನಡ ಸೀಮೆಯಲ್ಲಿ ಸೋದರಮಾವನ ಮಗಳು ಏನಾಗುತ್ತಾಳೆ, ಉತ್ತರದಲ್ಲಿ ಏನಾಗುತ್ತಾಳೆ ಎಂಬುದನ್ನು ಪ್ರಾಂತಪ್ರಾಂತವಾಗಿ ವಿಂಗಡಿಸಿದವರು. ಅಂತಹವರು ತಮ್ಮ ಮೇಲೆಯೇ ಬಂಧುವಾಚಕಗಳನ್ನು ಒಂದೊಂದಾಗಿ ಹೊರಿಸುವುದನ್ನು ಕೇಳುತ್ತ ಕುಳಿತಿದ್ದಾಗ, ಕೇಳುತ್ತಿದ್ದವಳು ಹೆಂಡತಿ, ಸೊಸೆ ಮಾತ್ರವಲ್ಲ, ಶಾಸ್ತ್ರಜ್ಞೆಯೂ ಹೌದು. ಪ್ರಬಂಧದ ನಗೆ ಅಲ್ಲಿದೆ. ಸಭೆಯವರು ಕೊಟ್ಟ ಬಿರುದುಗಳು ಗೌರವಾರ್ಥವಾಗಿ ಕೊಟ್ಟವು. ಹುಡುಗನ ಮಾತು ಯಾರನ್ನೂ ಗೌರವಿಸಲು ಆಡಿದುದಲ್ಲ. ಅವನಿಗೆ ಮಹರ್ಷಿಯೂ ತಿಳಿಯದು, ಬರ್ಲಿನ್ನೂ ತಿಳಿಯದು. ಅವನ ಲೋಕದಲ್ಲಿ ಆಕೆಗೆ ಇರುವ ಸ್ಥಾನ ಒಂದೇ, ಅದೂ ಸ್ವಲ್ಪ ಹೆದರಬೇಕಾದ ಸ್ಥಾನ. ದಿನದ ನಡುವೆ ಕಾಣಿಕೆಯಾಗಿ ಸಿಕ್ಕ ಈ ಸಣ್ಣ ಸಂತೋಷವನ್ನು ಲೇಖಕಿ ‘ಪರಿಪೂರ್ತಿ’ ಎಂಬ ಅಷ್ಟು ಭಾರವಾದ ಸಂಸ್ಕೃತ ಪದದಿಂದ ಕರೆದುದರಲ್ಲಿ ಅರ್ಧ ಭಾವ, ಅರ್ಧ ವಿನೋದ ಇದೆಯೆಂದು ನಾನು ತಿಳಿದಿದ್ದೇನೆ.

ಆದರೂ ಒಂದು ಕೊರತೆಯನ್ನು ಹೇಳದೆ ಬಿಡಲಾಗದು. ಕರ್ವೆಯವರ ಪ್ರಬಂಧದಲ್ಲಿ ತಾಯಿ ಇದ್ದಾಳೆ, ತಾಯಿಯ ಕೈಗಳಿಲ್ಲ. ಅವರು ಕ್ಷೇತ್ರಕಾರ್ಯಕ್ಕೆಂದು ವಾರಗಟ್ಟಲೆ ಊರೂರು ಅಲೆಯುತ್ತಿದ್ದಾಗ ಮನೆಯಲ್ಲಿ ಅನ್ನ ಬೇಯಿಸಿದವರಾರು, ಮಕ್ಕಳ ಕೆಮ್ಮಿಗೆ ಕಷಾಯ ಕಾಸಿದವರಾರು? ಪತಿ ದಿನಕರರಾಯರು ಆ ಕಾಲದ ಗಂಡಸರಲ್ಲಿ ಅಪೂರ್ವವಾದ ಉದಾರಿಗಳೆಂದು ಬಲ್ಲವರು ಬರೆದಿದ್ದಾರೆ. ಸುಧಾರಕರ ಮನೆತನದ ಆಸರೆಯೂ ಇತ್ತು. ಆ ಆಸರೆ ಇದ್ದುದು ತಪ್ಪಲ್ಲ. ಬರವಣಿಗೆಯಲ್ಲಿ ಅದು ಕಾಣದಿರುವುದು ಮಾತ್ರ ಒಂದು ನಷ್ಟ. ಬೀಸುವ ಕಲ್ಲಿನ ಮುಂದಿನ ಹೆಂಗಸು ಅಕ್ಷರ ಅರಿಯದವಳು, ಆದರೆ ಅವಳ ಹಾಡಿನಲ್ಲಿ ಅಂಗೈಯ ಬೊಬ್ಬೆ ಕಾಣುತ್ತದೆ. ಪಂಢರಪುರದ ವಾರಿಯನ್ನು ಕುರಿತು ಬರೆದಾಗ ಮಾತ್ರ ಕರ್ವೆಯವರು ಈ ಮಿತಿಯನ್ನು ದಾಟಿದರು. ಅಲ್ಲಿ ಅವರು ಹೆಂಗಸರೊಡನೆ ನಡೆದರು, ಉಂಡರು, ಜಾತಿ ಜಾತಿಯ ದಿಂಡಿಗಳು ಬೇರೆಬೇರೆಯಾಗಿಯೇ ಉಣ್ಣುವುದನ್ನು ಕಂಡು ನೊಂದರು. ಯಾರು ಯಾರ ಅಡುಗೆಯನ್ನು ಉಣ್ಣುತ್ತಾರೆಂಬ ಪ್ರಶ್ನೆ ಅಡುಗೆಮನೆಯ ಸಾಹಿತ್ಯವಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಕನ್ನಡದ ಲಘುಪ್ರಬಂಧದ ಕಡೆಗೆ ತಿರುಗಿದರೆ ಬೇರೊಂದು ನೋಟ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಬಂದಿತು; ಆ ಪ್ರಕಾರಕ್ಕೆ ಕನ್ನಡದಲ್ಲಿ ಅಷ್ಟು ಹದವಾದ ಗದ್ಯ ಮೊದಲಿಗೆ ದೊರೆತುದು ಅಲ್ಲಿ. ಸಣ್ಣ ಸುಖಗಳನ್ನು ಸವಿಯುವ ವಿದ್ಯೆಯನ್ನು ನಮಗೆ ಅವರು ಕಲಿಸಿದರು. ಆದರೆ ಆ ಪರಂಪರೆಯ ಪ್ರಬಂಧಗಳಲ್ಲಿ ಆರಾಮಕುರ್ಚಿ ಇರುತ್ತದೆ, ಕಾಫಿ ತಾನಾಗಿಯೇ ಬರುತ್ತದೆ. ಗಂಡಸಿನ ಪ್ರಬಂಧದಲ್ಲಿ ಬಿಡುವು ಕೊಟ್ಟದ್ದು. ಹೆಂಗಸಿನ ಹಾಡಿನಲ್ಲಿ ಬಿಡುವು ಕದ್ದದ್ದು. ಕದ್ದ ಬಿಡುವನ್ನು ನಗೆಯಾಗಿ ಮಾಡಿದವರು ಟಿ. ಸುನಂದಮ್ಮನವರು. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯಲ್ಲಿ ಅವರು ಬರೆದ ಹಾಸ್ಯಲೇಖನಗಳನ್ನು ಸಾಹಿತ್ಯಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಒಂದು ಮನೆಯನ್ನು ನಡೆಸುವುದೆಂದರೆ ದಿನವೂ ಸೋಲುವ ಆಟವೆಂಬುದನ್ನು ನಗುತ್ತ ಒಪ್ಪಿಕೊಂಡವರು ಅವರು. ಆ ಒಪ್ಪಿಗೆಯಲ್ಲಿ ವಿಮರ್ಶೆಯೂ ಇದೆಯೆಂಬುದನ್ನು ಓದುಗರು ಕಂಡರು, ವಿಮರ್ಶಕರು ಕಾಣಲಿಲ್ಲ.

ಬೇಂದ್ರೆಯವರ ವಿಷಯ ಬೇರೆ. ಅವರನ್ನು ಬಿಟ್ಟು ಈ ಚರ್ಚೆಯನ್ನು ಪುಣೆಯ ಕನ್ನಡಿಗರ ಮುಂದೆ ಮಾಡಲಾಗದು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಸ್ಥಾಪಿತವಾಗುವ ಮುನ್ನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರು ಪದವಿಗಾಗಿ ಪುಣೆಯಂತಹ ಪರಸ್ಥಳಕ್ಕೆ ಬರಬೇಕಾಗಿತ್ತು. ಬೇಂದ್ರೆಯವರೂ ಹಾಗೆ ಬಂದು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ. ಎ. ಆದರು. ಮನೆಮಾತು ಮರಾಠಿಯಾದವರು ಮರಾಠಿಯ ರಾಜಧಾನಿಯಲ್ಲಿ ಕುಳಿತು ಕನ್ನಡ ಕವಿಯಾಗುವ ಹಾದಿಯನ್ನು ಹಿಡಿದರು. ಅವರ ಕಾವ್ಯನಾಮದಲ್ಲಿ ತಂದೆಯಿಲ್ಲ. ಅಂಬಿಕೆಯ ಮಗನೆಂಬುದೇ ಅವರು ಲೋಕಕ್ಕೆ ಕೊಟ್ಟ ಗುರುತು. ಇರಾವತಿಯವರು ಮಗನಿಂದ ಗುರುತು ಪಡೆದರೆ, ಬೇಂದ್ರೆಯವರು ತಾಯಿಯಿಂದ ಪಡೆದರು. ಒಂದೇ ಸಂಬಂಧದ ಎರಡು ತುದಿಗಳಿವು.

1937ರ ‘ಸಖೀಗೀತ’ ದಾಂಪತ್ಯವನ್ನು ಕುರಿತ ನಮ್ಮ ದೊಡ್ಡ ಕಾವ್ಯ. ಬಡತನ, ಅಲೆದಾಟ, ಹುಟ್ಟಿದ ಮಕ್ಕಳನ್ನು ಕಳೆದುಕೊಂಡ ದುಃಖ, ಗಂಡಹೆಂಡಿರ ಮುನಿಸು ಸಲಿಗೆಗಳು, ಇವೆಲ್ಲ ಅಲ್ಲಿ ಮುಚ್ಚುಮರೆಯಿಲ್ಲದೆ ಬಂದಿವೆ. ಅದಕ್ಕೂ ಮೊದಲೇ, ಮಗುವಿನ ಸಾವಿನ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ತಾಳಲಾರದ ಗಂಡನ ಹಾಡನ್ನು ಅವರು ಬರೆದಿದ್ದರು. ಅದರ ಮೊದಲ ಮಾತು ಕಿವಿಗೆ ಬಿದ್ದರೆ ಇಂದಿಗೂ ಗಂಟಲು ಕಟ್ಟುತ್ತದೆ. ಕನ್ನಡದ ಗಂಡು ಕವಿಯೊಬ್ಬ ತಂದೆಯಾಗಿ ಇಷ್ಟು ಅಸಹಾಯಕನಾಗಿ ನಿಂತುದು ಅದೇ ಮೊದಲೆಂದು ಹೇಳುವ ಧೈರ್ಯ ಮಾಡಬಹುದು. ಆದರೆ ನಮ್ಮ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು: ಆ ಹೆಣ್ಣು ಏನೆಂದಳು? ಆ ಹಾಡಿನಲ್ಲಿ ಆಕೆಗೆ ಇರುವುದು ನೋಟ, ಮಾತಲ್ಲ. ಕವಿ ತನ್ನ ದನಿಯಿಂದ ಆ ಮೌನದ ಸುತ್ತ ಸುತ್ತುತ್ತಾನೆ, ಒಳಗೆ ಹೋಗಲಾರ. ತಾನು ಒಳಗೆ ಹೋಗಲಾರೆನೆಂಬುದು ಅವನಿಗೆ ಗೊತ್ತು. ಇದನ್ನು ಕವಿಯ ದೋಷವೆನ್ನಲಾರೆ, ಪ್ರಾಮಾಣಿಕತೆ ಎನ್ನುತ್ತೇನೆ. ಹೆಂಡತಿಯ ಬಾಯಲ್ಲಿ ಸಮಾಧಾನದ ನಾಲ್ಕು ಮಾತುಗಳನ್ನು ಇಟ್ಟುಬಿಡುವುದು ಸುಲಭವಾಗಿತ್ತು. ಕಡಿಮೆ ಕವಿ ಹಾಗೆಯೇ ಮಾಡುತ್ತಿದ್ದ.

ಆ ನೋಟದ ಒಳಗೆ ಹೋದವರು ತ್ರಿವೇಣಿಯವರು. ಮನಶ್ಶಾಸ್ತ್ರವನ್ನು ಓದಿದ್ದ ಅವರು ‘ಶರಪಂಜರ’ದಲ್ಲಿ ಹೆರಿಗೆಯ ಅನಂತರ ಮನಸ್ಸಿನ ಸಮತೋಲ ತಪ್ಪಿದ ಕಾವೇರಿಯನ್ನು ಚಿತ್ರಿಸಿದರು. 1971ರ ಚಲನಚಿತ್ರದಿಂದ ಕಾದಂಬರಿಯ ಹೆಸರು ಮನೆಮನೆಗೆ ಮುಟ್ಟಿತು. ಕಲ್ಪನಾ ಅವರ ಅಭಿನಯದ ಪ್ರಭಾವದಲ್ಲಿ ಜನ ಅದನ್ನು ಹುಚ್ಚಿನ ಕಥೆಯೆಂದು ನೆನಪಿಟ್ಟುಕೊಂಡರು. ಕಾದಂಬರಿಯ ನಿಜವಾದ ಕ್ರೌರ್ಯ ಕಾವೇರಿ ಗುಣವಾಗಿ ಮನೆಗೆ ಮರಳಿದ ಮೇಲೆ ಆರಂಭವಾಗುತ್ತದೆ. ಈಗ ಅವಳು ಸಾರಿಗೆ ಉಪ್ಪು ಹೆಚ್ಚು ಹಾಕಿದರೂ ಅದೊಂದು ಲಕ್ಷಣ, ಮಗುವನ್ನು ಗದರಿದರೂ ಲಕ್ಷಣ, ಸುಮ್ಮನೆ ಕುಳಿತರೂ ಲಕ್ಷಣ. ಮಿಕ್ಕ ಹೆಂಗಸರಿಗೆ ದಿನವೂ ಸಲ್ಲುವ ಸಣ್ಣ ತಪ್ಪುಗಳ ಹಕ್ಕು ಅವಳಿಗೆ ಮಾತ್ರ ಇಲ್ಲ. ತುಂಡುಕಾಲದಲ್ಲಿ ಬಾಳುವವರಿಗೆ ತಪ್ಪುವ ಸ್ವಾತಂತ್ರ್ಯವೇ ಉಸಿರು. ಅದನ್ನು ಕಸಿದುಕೊಂಡರೆ ಮನೆ ಪಂಜರವಾಗುತ್ತದೆಂಬುದನ್ನು ಈ ಕೃತಿ ಒಲೆ, ಹಾಸಿಗೆ, ಬಾಗಿಲು ಇಷ್ಟರಲ್ಲಿಯೇ ತೋರಿಸಿತು. ಇದನ್ನು ಅಡುಗೆಮನೆ ಸಾಹಿತ್ಯವೆಂದವರು ಕಾದಂಬರಿಯನ್ನು ಮುಗಿಸದೆ ಮಡಿಚಿಟ್ಟಿರಬೇಕು. ಲೇಖಕಿಯೋ, 1963ರಲ್ಲಿ, ಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 34 ವರ್ಷ.

ತ್ರಿವೇಣಿಯವರ ಎಲ್ಲ ಕಾದಂಬರಿಗಳೂ ಈ ಮಟ್ಟದವೆಂದು ಹೇಳುತ್ತಿಲ್ಲ. ಅವಸರದಲ್ಲಿ ಬರೆದವೂ ಇವೆ, ಪಾತ್ರದ ಬದಲು ಶಾಸ್ತ್ರದ ಪಾಠ ಮಾತನಾಡುವ ಕಡೆಗಳೂ ಇವೆ. ಅವರ ಅನುಯಾಯಿಗಳಲ್ಲಿ ಹಲವರು ಕಣ್ಣೀರನ್ನು ಮಾತ್ರ ಉಳಿಸಿಕೊಂಡು ಕಾಲದ ಅರಿವನ್ನು ಬಿಟ್ಟರು. ಜೊಳ್ಳು ಎಂದು ಮೊದಲಿಗೆ ಹೇಳಿದುದು ಇದನ್ನೇ.

ಇನ್ನು ನಮ್ಮ ವಿಷಯ. ಪುಣೆಯ ಕನ್ನಡ ಮನೆಗಳಲ್ಲಿ ಬೀಸುವ ಕಲ್ಲು ಎಂದೋ ಮಾಯವಾಗಿದೆ. ಇದ್ದರೆ ಮದುವೆಯಲ್ಲಿ ಅರಿಸಿನ ಕುಟ್ಟುವ ಶಾಸ್ತ್ರಕ್ಕೆ ಒನಕೆಯೊಡನೆ ಹುಡುಕಿ ತರುತ್ತಾರೆ. ಹಿಂಜವಡಿಯ ಕಂಪನಿಗೆ ಹೋಗಿಬರುವ ಸೊಸೆಗೂ ಮನೆಯಲ್ಲಿರುವ ಅತ್ತೆಗೂ ತುಂಡುಕಾಲ ಮಾತ್ರ ತಪ್ಪಿಲ್ಲ. ಅದಕ್ಕೆ ಪರಸ್ಥಳದ ಒಂದು ಹೊಸ ಹೊರೆ ಕೂಡಿದೆ: ಮಗುವಿನ ಬಾಯಲ್ಲಿ ಕನ್ನಡವನ್ನು ಉಳಿಸುವುದು. ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ. ತಾಯಿ ಕನ್ನಡದಲ್ಲಿ ಕೇಳುತ್ತಾಳೆ, ಮಗ ಮರಾಠಿಯಲ್ಲಿ ಉತ್ತರಿಸುತ್ತಾನೆ, ತಂದೆ ಪತ್ರಿಕೆಯ ಹಿಂದಿನಿಂದ ಇಬ್ಬರನ್ನೂ ಇಂಗ್ಲಿಷಿನಲ್ಲಿ ಗದರುತ್ತಾನೆ. ಸಂಘದ ಸಭೆಗಳಲ್ಲಿ ನಾವು ಕನ್ನಡದ ಭವಿಷ್ಯವನ್ನು ಕುರಿತು ಗಂಟೆಗಟ್ಟಲೆ ಭಾಷಣ ಮಾಡುತ್ತೇವೆ. ಆ ಹೊತ್ತಿನಲ್ಲಿ ಮನೆಯಲ್ಲಿ ಮಗುವಿಗೆ ಊಟ ಮಾಡಿಸುತ್ತ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿರುವವರು ಬೇರೆಯವರು. ಭಾಷಣಗಳು ಅಚ್ಚಾಗುತ್ತವೆ. ಆ ಕಥೆಯನ್ನು ಹೇಗೆ ಹೇಳಿದರು, ಗುಬ್ಬಕ್ಕನ ಮನೆ ಮುಳಾ ನದಿಯ ದಡಕ್ಕೆ ಬಂದಿತೆ, ಕಾಗಕ್ಕನ ಬಾಯಿಗೆ ಮರಾಠಿ ಬಂದಿತೆ ಎಂಬುದನ್ನು ಯಾರೂ ಬರೆದುಕೊಂಡಿಲ್ಲ. ಇಂತಹ ತ್ರೈಮಾಸಿಕಗಳ ಹಳೆಯ ಸಂಚಿಕೆಗಳನ್ನು ತಿರುವಿದರೆ ಶಾಸನ, ಛಂದಸ್ಸು, ದಾಸಸಾಹಿತ್ಯಗಳನ್ನು ಕುರಿತು ಉತ್ತಮ ಲೇಖನಗಳು ಸಿಗುತ್ತವೆ. ವಲಸೆ ಬಂದ ಕನ್ನಡ ತಾಯಂದಿರ ಜೋಗುಳಗಳನ್ನು ಹುಡುಕಿದರೆ ನನಗೆ ಸಿಕ್ಕುದು ಬಹಳ ಕಡಿಮೆ.

ಆದುದರಿಂದ, ಓವಿಗಳಿಗೆ ಈ ಊರಿನಲ್ಲಿ ಆದ ಕೆಲಸವನ್ನು ಇಲ್ಲಿಯ ಕನ್ನಡ ಮನೆಗಳ ಮಟ್ಟಿಗೆ ನಾವೂ ಮಾಡಬೇಕೆಂಬುದು ನನ್ನ ಸೂಚನೆ. ಹಾಡಿದವರ ಹೆಸರು, ತವರೂರು, ಪುಣೆಗೆ ಬಂದ ವರ್ಷ, ಹಾಡನ್ನು ಯಾರಿಂದ ಕಲಿತರು, ಯಾವ ಕೆಲಸದ ನಡುವೆ ಹಾಡುತ್ತಿದ್ದರು: ಇಷ್ಟನ್ನಾದರೂ ಹಾಡಿನೊಡನೆ ಬರೆದಿಡಬೇಕು, ಅವರ ಒಪ್ಪಿಗೆ ಪಡೆದು ಹೆಸರನ್ನು ಅಚ್ಚುಹಾಕಬೇಕು. ಕಿಸೆಯೊಳಗಿನ ಫೋನಿನಲ್ಲಿಯೇ ಧ್ವನಿ ಮುದ್ರಿಸಬಹುದಾದ ಈ ಕಾಲದಲ್ಲಿ ಇದಕ್ಕೆ ದೊಡ್ಡ ಧನಸಹಾಯವೇನೂ ಬೇಕಿಲ್ಲ.

ಕಳೆದ ಚಳಿಗಾಲದಲ್ಲಿ ನಾನು ಹೀಗೆ ಒಬ್ಬ ವೃದ್ಧೆಯ ಮುಂದೆ ಕುಳಿತೆ. ಇಂಡಿ ತಾಲೂಕಿನ ಕಡೆಯವರು, ಮಗನೊಡನೆ ಬಂದು ಪುಣೆಯಲ್ಲಿ ನೆಲೆಸಿ ನಲವತ್ತು ವರ್ಷಗಳಾದವು. ‘ಹಾಡು ಹೇಳ್ರಿ ಅವ್ವಾರ’ ಎಂದರೆ ನಕ್ಕು, ‘ಎಲ್ಲಾ ಮರ್ತೈತಪ್ಪಾ’ ಎಂದರು. ಮೊದಲ ಸಾಲು ಬಂದಿತು, ಎರಡನೆಯದು ತಡವರಿಸಿತು, ಮೂರನೆಯದು ಬರಲೇ ಇಲ್ಲ. ಫೋನನ್ನು ಮುಚ್ಚಿಟ್ಟು ಬೇರೆ ಮಾತಿಗೆ ತೊಡಗಿದೆವು. ಸ್ವಲ್ಪ ಹೊತ್ತಿನ ಮೇಲೆ ಅವರು ಸೊಸೆಯನ್ನು ಕರೆದು ಮೊರವನ್ನೂ ಒಂದಿಷ್ಟು ಅಕ್ಕಿಯನ್ನೂ ತರಿಸಿಕೊಂಡರು. ಮೊರ ಕೈಯಲ್ಲಿ ಆಡತೊಡಗಿದ ಮೇಲೆ ಹಾಡು ತಾನಾಗಿ ಬಂದಿತು, ಒಂದರ ಹಿಂದೆ ಒಂದು, ಒಟ್ಟು ಹನ್ನೊಂದು. ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮೊಮ್ಮಗಳು ನಡುವೆ ಬಂದು ಏನೋ ಮರಾಠಿಯಲ್ಲಿ ಕೇಳಿದಳು. ಅಜ್ಜಿ ಎರಡನೆಯ ಸಾಲಿನ ಕೊನೆಯ ಭಾಗವನ್ನು ಮತ್ತೊಮ್ಮೆ ಹೇಳುತ್ತಲೇ ಅವಳ ಕೈಗೆ ಒಂದು ಹಿಡಿ ಅಕ್ಕಿ ಕೊಟ್ಟು, ಮೂರನೆಯ ಸಾಲಿಗೆ ಹೋದರು.